ಈ ವರ್ಷ ಬರೆದೇ ತೀರುತ್ತೇನೆ ಅನ್ನುವವರಿಗೆ ಯಾವ ಕೈಪಿಡಿ?

ಜನವರಿ ಬಂತೆಂದರೆ ಪುಸ್ತಕದಂಗಡಿಗಳಲ್ಲಿ ಡೈರಿ, ಕ್ಯಾಲೆಂಡರುಗಳ ಪಕ್ಕದಲ್ಲೇ ಇನ್ನೊಂದು ಬಗೆಯ ಸರಕೂ ಮುಂದಕ್ಕೆ ಬರುತ್ತದೆ: ಬರೆಯುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳು. ಗಿರಾಕಿಗಳಿಗೇನೂ ಬರವಿಲ್ಲ. ಕಾದಂಬರಿ ಮುಗಿಸಬೇಕು, ವಾರಕ್ಕೊಂದು ಕವಿತೆ ಬರೆಯಬೇಕು, ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಒಂದಾದರೂ ಕತೆ ಕಳಿಸಬೇಕು, ಅಜ್ಜಿ ಹೇಳಿದ್ದನ್ನೆಲ್ಲ ಮರೆಯುವ ಮುಂಚೆ ಬರೆದಿಡಬೇಕು, ಹೀಗೆ ಒಬ್ಬೊಬ್ಬರದು ಒಂದೊಂದು ಸಂಕಲ್ಪ. ಸಂಕ್ರಾಂತಿಯ ಎಳ್ಳುಬೆಲ್ಲ ಖಾಲಿಯಾಗುವ ಹೊತ್ತಿಗೆ ಇವುಗಳಲ್ಲಿ ಎಷ್ಟು ಉಳಿದಿರುತ್ತವೆ ಎನ್ನುವುದು ಬೇರೆ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ನಾರ್‌ಕ್ರಾಸ್ 1980ರ ದಶಕದಲ್ಲಿ ಹೊಸವರ್ಷದ ಸಂಕಲ್ಪ ಮಾಡಿದ 200 ಮಂದಿಯನ್ನು ಎರಡು ವರ್ಷ ಗಮನಿಸಿದರು. ಮೊದಲ ವಾರ ದಾಟಿದವರು ಶೇ. 77, ಎರಡು ವರ್ಷ ಉಳಿಸಿಕೊಂಡವರು ಶೇ. 19. ಆ ಸಂಕಲ್ಪಗಳು ಸಿಗರೇಟು ಬಿಡುವುದು, ತೂಕ ಇಳಿಸುವುದು ಇಂಥವು. ಬರೆಯುವವರ ಸಂಕಲ್ಪ ಇದಕ್ಕಿಂತ ಗಟ್ಟಿ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಹಾಗಾದರೆ ಈ ಕೈಪಿಡಿಗಳಿಂದ ಉಪಯೋಗವುಂಟೆ? ಉಂಟು. ಆದರೆ ಎಲ್ಲರಿಗೂ ಒಂದೇ ಪುಸ್ತಕದಿಂದ ಅಲ್ಲ. ಕೆಲವರಿಗೆ ಬರೆಯಲು ಕೂರುವುದೇ ಆಗುವುದಿಲ್ಲ. ಕೆಲವರು ಕೂರುತ್ತಾರೆ, ಆದರೆ ನಾಲ್ಕನೆಯ ಪುಟಕ್ಕೆ ಕತೆ ನಿಂತುಬಿಡುತ್ತದೆ. ಇನ್ನು ಕೆಲವರು ಬರೆದು ಮುಗಿಸಿರುತ್ತಾರೆ, ಅದನ್ನು ತಿದ್ದುವುದು ಹೇಗೆಂದು ತಿಳಿಯದೆ ಹಾಗೆಹಾಗೇ ಸಂಪಾದಕರಿಗೆ ಕಳಿಸಿ ಉತ್ತರಕ್ಕೆ ಕಾಯುತ್ತಾರೆ. ತನ್ನ ಪೆನ್ನು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿಲ್ಲದವನು ಹತ್ತು ಕೈಪಿಡಿ ಕೊಂಡರೂ ಕೈಪಿಡಿಗಳ ಓದುಗನಾಗಿ ಉಳಿಯುತ್ತಾನೆ, ಅಷ್ಟೆ.

ಇಂಥ ಪುಸ್ತಕಗಳೆಲ್ಲ ಪಶ್ಚಿಮದ ಸರಕು ಎಂದು ಮೂಗು ಮುರಿಯುವವರು ಒಂದು ಸಂಗತಿ ಮರೆಯುತ್ತಾರೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥವೇ ಬರೆಯುವವರ ಕೈಪಿಡಿ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕತೆ ಹೇಳುವುದಿಲ್ಲ, ದೇವರನ್ನೂ ರಾಜನನ್ನೂ ಹೊಗಳುವುದಷ್ಟನ್ನೇ ಮಾಡುವುದೂ ಇಲ್ಲ. ಬರೆಯುವವನು ಎಲ್ಲೆಲ್ಲಿ ಎಡವುತ್ತಾನೆ ಎಂದು ಮೊದಲ ಪರಿಚ್ಛೇದದಲ್ಲೇ ಪಟ್ಟಿ ಮಾಡುತ್ತದೆ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಹೇಗೆಂದರೆ ಹಾಗೆ ಸಮಾಸ ಮಾಡಿ ಅಂಟಿಸುವುದು ಬಿಸಿಹಾಲಿಗೆ ಮಜ್ಜಿಗೆ ಹನಿಸಿದ ಹಾಗೆ ಎಂದು ಎಚ್ಚರಿಸುತ್ತದೆ. ತಮಾಷೆಯೆಂದರೆ ಇದೇ ಪುಸ್ತಕ, ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ನುರಿತವರು ಎಂದೂ ಹೊಗಳುತ್ತದೆ. ಕೈಪಿಡಿ ಬರೆದವನೇ ಕೈಪಿಡಿ ಇಲ್ಲದೆಯೂ ನಡೆಯುತ್ತದೆ ಅಂದಂತಾಯಿತು. ಸಾವಿರದ ಇನ್ನೂರು ವರ್ಷದ ಹಿಂದಿನ ಈ ಪ್ರಾಮಾಣಿಕತೆ ಇಂದಿನ ಪ್ರಕಾಶಕರ ಬೆನ್ನುಡಿಗಳಲ್ಲಿ ಸಿಗುವುದಿಲ್ಲ.

ಆದರೆ ಹೊಸವರ್ಷದ ಸಂಕಲ್ಪದವರಿಗೆ ನಿಜವಾಗಿ ಬೇಕಾದ ಹಳೆಯ ಪುಸ್ತಕ ರಾಜಶೇಖರನ 'ಕಾವ್ಯಮೀಮಾಂಸೆ'. ಹತ್ತನೆಯ ಶತಮಾನದ ಆರಂಭದ ಈ ಸಂಸ್ಕೃತ ಗ್ರಂಥದಲ್ಲಿ ಕವಿಯ ದಿನಚರಿಯೇ ಇದೆ. ಹಗಲನ್ನು ನಾಲ್ಕು ಜಾವವಾಗಿ ಹಂಚಿ, ಮೊದಲ ಜಾವ ಓದಿಗೆ, ಎರಡನೆಯದು ರಚನೆಗೆ, ಊಟವಾದ ಮೇಲೆ ಬಲ್ಲವರ ಜೊತೆ ಕಾವ್ಯಗೋಷ್ಠಿಗೆ, ನಾಲ್ಕನೆಯದು ಬೆಳಿಗ್ಗೆ ಬರೆದುದನ್ನು ತಿದ್ದುವುದಕ್ಕೆ ಎಂದು ಗೊತ್ತುಮಾಡುತ್ತಾನೆ. ಬರೆದ ದಿನವೇ, ಆದರೆ ಬರೆದ ಗಳಿಗೆಯಲ್ಲಲ್ಲ, ತಿದ್ದಬೇಕು. ಬಿಸಿ ಆರಿದ ಮೇಲೆ ನೋಡಬೇಕೆಂಬ ಬುದ್ಧಿ ಇಲ್ಲಿದೆ. ಬರೆಯುವವನ ಕೈಗೆಟುಕುವಲ್ಲಿ ಪೆಟ್ಟಿಗೆ, ಹಲಗೆ, ಬಳಪ, ಲೇಖನಿ, ಮಸಿಕುಡಿಕೆ, ತಾಳೆಗರಿ, ಭೂರ್ಜಪತ್ರ ಇರಬೇಕೆಂದೂ ಹೇಳುತ್ತಾನೆ.

ಇದಕ್ಕಿಂತ ನನಗೆ ಹಿಡಿಸುವುದು ಅವನು ಕವಿಗಳನ್ನು ಅವರ ಹೊತ್ತಿನ ಮೇಲೆ ವಿಂಗಡಿಸುವುದು. ಒಳಮನೆ ಸೇರಿ ಬಿಸಿಲೂ ಕಾಣದೆ ಬರೆಯುವವನು ಅಸೂರ್ಯಂಪಶ್ಯ. ಮನಸ್ಸು ಬಂದಾಗ ಮಾತ್ರ ಕೂತು ಬರೆಯುವವನು ನಿಷಣ್ಣ. ಸೇವೆ, ಚಾಕರಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಬರೆಯುವವನು ದತ್ತಾವಸರ. ಸಂದರ್ಭ ಬಂದಾಗ ಅದಕ್ಕೆಂದೇ ಬರೆಯುವವನು ಪ್ರಾಯೋಜನಿಕ. ಈಗ ಆಧುನಿಕ ಕನ್ನಡ ಸಾಹಿತ್ಯವನ್ನು ಒಮ್ಮೆ ನೋಡಿ. ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿ. ಕುವೆಂಪು ಪಾಠ ಮಾಡುತ್ತಲೇ 'ಶ್ರೀ ರಾಮಾಯಣ ದರ್ಶನಂ'ಗೆ ಒಂಬತ್ತು ವರ್ಷ ತೆತ್ತರು. ಯಶವಂತ ಚಿತ್ತಾಲ ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿದ್ದುಕೊಂಡು 'ಶಿಕಾರಿ' ಬರೆದರು. ವೈದೇಹಿ ಅಡುಗೆಮನೆಯ ಕೆಲಸದ ನಡುವಿನ ಲೋಕವನ್ನೇ ಕತೆಗೆ ತಂದರು. ದತ್ತಾವಸರರನ್ನು ತೆಗೆದುಬಿಟ್ಟರೆ ನಮ್ಮ ಕಪಾಟಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. 'ಕೆಲಸದ ಒತ್ತಡ, ಬರೆಯಲು ಪುರಸೊತ್ತಿಲ್ಲ' ಎನ್ನುವವರು ಈ ಒಂದು ಪ್ರಕರಣ ಓದಿಕೊಳ್ಳಬೇಕು.

ಮುಂದಿನ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ 'ಕವಿಕಂಠಾಭರಣ'ದಲ್ಲಿ ಕವಿಯಾಗಬಯಸುವವನಿಗೆ ನೂರು ಶಿಕ್ಷೆಗಳನ್ನು ಕೊಟ್ಟ. ನಾಟಕ ನೋಡು, ಲೋಕದ ನಡವಳಿಕೆ ತಿಳಿ, ಪ್ರಾಣಿಗಳ ಸ್ವಭಾವ ಗಮನಿಸು, ನಸುಕಿಗೇ ಏಳು ಎಂಬಂಥವು. ಛಂದಸ್ಸು ಕೈಗೆ ಹತ್ತಲು ಅರ್ಥವಿಲ್ಲದ ಪದಗಳಲ್ಲೇ ಪದ್ಯ ಕಟ್ಟಿ ಅಭ್ಯಾಸ ಮಾಡು ಎನ್ನುವ ಅವನ ಸಲಹೆ ಇವತ್ತಿಗೂ ಒಳ್ಳೆಯದೇ. ಜೊತೆಗೆ ಶಿಷ್ಯರಲ್ಲಿ ಅಲ್ಪ ಪ್ರಯತ್ನಕ್ಕೆ ಒಲಿಯುವವರು, ಕಷ್ಟಪಟ್ಟರೆ ಆಗುವವರು, ಏನು ಮಾಡಿದರೂ ಆಗದವರು ಎಂದು ಮೂರು ಬಗೆ ಮಾಡಿ, ಮೂರನೆಯವರ ಬಗ್ಗೆ ಕತ್ತೆಗೆ ಹಾಡು ಕಲಿಸುವ ಮಾತೆತ್ತುತ್ತಾನೆ. ಇವತ್ತಿನ ಕೈಪಿಡಿಗಾರರು ಇಷ್ಟು ಖಡಾಖಂಡಿತವಾಗಿ ಹೇಳಿದರೆ ಪುಸ್ತಕ ಮಾರಾಟವಾಗುವುದಿಲ್ಲ.

ಹೇಳಿದವರು ಒಬ್ಬರಿದ್ದಾರೆ. ಡೊರೊಥಿಯಾ ಬ್ರ್ಯಾಂಡ್ 1934ರಲ್ಲಿ ಪ್ರಕಟಿಸಿದ 'ಬಿಕಮಿಂಗ್ ಎ ರೈಟರ್' ಕೂರಲಾಗದವರಿಗಾಗಿಯೇ ಬರೆದ ಪುಸ್ತಕ. ಕಥನತಂತ್ರದ ಮಾತನ್ನು ಆಕೆ ಹೆಚ್ಚು ಆಡುವುದೇ ಇಲ್ಲ. ಎರಡು ಅಭ್ಯಾಸ ಕೊಡುತ್ತಾರೆ. ಮೊದಲನೆಯದು, ಎಂದಿಗಿಂತ ಅರ್ಧ ಗಂಟೆ ಮುಂಚೆ ಎದ್ದು, ಯಾರೊಡನೆಯೂ ಮಾತಾಡದೆ, ಪತ್ರಿಕೆ ಓದದೆ, ತೋಚಿದ್ದನ್ನು ಬರೆಯುತ್ತ ಹೋಗುವುದು. ಎರಡನೆಯದು ಇದಕ್ಕಿಂತ ಕಠಿಣ. ಬೆಳಿಗ್ಗೆಯೇ ಆ ದಿನದ ಕೆಲಸಗಳನ್ನೆಲ್ಲ ನೋಡಿಕೊಂಡು, ಸಂಜೆ ನಾಲ್ಕಕ್ಕೆ ಕಾಲುಗಂಟೆ ಬರೆಯುತ್ತೇನೆ ಎಂದು ತನಗೇ ಮಾತು ಕೊಡಬೇಕು. ನಾಲ್ಕು ಹೊಡೆಯಿತೋ, ಯಾರೊಡನೆ ಮಾತಾಡುತ್ತಿದ್ದರೂ ಎದ್ದು ಹೋಗಿ ಬರೆಯಬೇಕು. ಮರುದಿನ ಬೇರೆ ಹೊತ್ತು. ಮತ್ತೆ ಮತ್ತೆ ಇದರಲ್ಲಿ ಸೋತರೆ ಬರೆಯುವ ಆಸೆ ಬಿಡು, ನಿನ್ನೊಳಗಿನ ಬೇಡವೆಂಬ ದನಿ ಬರೆಯಬೇಕೆಂಬ ಆಸೆಗಿಂತ ದೊಡ್ಡದು ಎಂದು ಆಕೆ ನೇರವಾಗಿ ಹೇಳಿಬಿಡುತ್ತಾರೆ. ಕೂರುವುದರ ಬಗ್ಗೆ ನಂತರ ಬಂದ ಬಹಳಷ್ಟು ಪುಸ್ತಕಗಳು ಇದರ ವಿಸ್ತರಣೆಯಂತೆ ಕಾಣುತ್ತವೆ. 1992ರ ಜೂಲಿಯಾ ಕ್ಯಾಮರಾನ್ ಅವರ 'ದಿ ಆರ್ಟಿಸ್ಟ್ಸ್ ವೇ' ಬೆಳಿಗ್ಗೆ ಎದ್ದೊಡನೆ ಕೈಯಿಂದ ಮೂರು ಪುಟ ಬರೆಯಲು ಹೇಳುತ್ತದೆ, ಹನ್ನೆರಡು ವಾರದ ಪಾಠವಾಗಿ. ಅದರಲ್ಲಿನ ಅಧ್ಯಾತ್ಮದ ಸಕ್ಕರೆ ನನಗೆ ಸ್ವಲ್ಪ ಹೆಚ್ಚಾಯಿತು. ಮೂರು ಪುಟದ ಅಭ್ಯಾಸಕ್ಕೆ ಮಾತ್ರ ತಕರಾರಿಲ್ಲ. ಶಾಲೆ ಬಿಟ್ಟ ಮೇಲೆ ಕನ್ನಡವನ್ನು ಕೈಯಲ್ಲಿ ಬರೆಯದೆ ಮೊಬೈಲಿನಲ್ಲೇ ಒತ್ತುವವರಿಗೆ ಒತ್ತಕ್ಷರಗಳಾದರೂ ಮರಳಿ ಕೈಗೆ ಬರುತ್ತವೆ.

ಹೊತ್ತು ಗೊತ್ತುಮಾಡಿಕೊಂಡು ಬರೆಯುವುದಕ್ಕೂ ಸ್ಫೂರ್ತಿಗೆ ಕಾಯುವುದಕ್ಕೂ ಇರುವ ವ್ಯತ್ಯಾಸವನ್ನು ಅಳೆದು ನೋಡಿದವರೂ ಇದ್ದಾರೆ. ಬರೆಯಲಾಗದೆ ಒದ್ದಾಡುತ್ತಿದ್ದ ಅಮೆರಿಕದ ಅಧ್ಯಾಪಕರ ಮೇಲೆ ರಾಬರ್ಟ್ ಬಾಯ್ಸ್ 1980ರ ದಶಕದಲ್ಲಿ ಪ್ರಯೋಗ ನಡೆಸಿದರು. ವೇಳಾಪಟ್ಟಿಗೆ ಕಟ್ಟುಬಿದ್ದು ಬರೆದವರು ಮನಸ್ಸು ಬಂದಾಗ ಬರೆದವರಿಗಿಂತ ಹೆಚ್ಚು ಪುಟ ಬರೆದರು. ಅದಷ್ಟೇ ಅಲ್ಲ, ಅವರಿಗೆ ಹೊಸ ವಿಚಾರಗಳು ಹೊಳೆದದ್ದೂ ಹೆಚ್ಚು. ಪಾಲ್ ಸಿಲ್ವಿಯಾ ಅವರ 'ಹೌ ಟು ರೈಟ್ ಎ ಲಾಟ್' (2007) ಈ ತಳಹದಿಯ ಮೇಲೆ ನಿಂತ ಚಿಕ್ಕ, ಒಣ, ಉಪಯುಕ್ತ ಪುಸ್ತಕ. ಪಿಎಚ್‌.ಡಿ. ಪ್ರಬಂಧ ಮುಗಿಸಲಾಗದೆ ಕೂತವರು ಓದಬೇಕಾದ್ದು ಇದನ್ನು, ಕಾದಂಬರಿಕಾರರ ಪುಸ್ತಕಗಳನ್ನಲ್ಲ.

ಇದೇ ಸಾಲಿನಲ್ಲಿ ಜಗತ್ತನ್ನೇ ಹುಚ್ಚೆಬ್ಬಿಸಿದ್ದು ನವೆಂಬರ್ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಆಂದೋಲನ. 1999ರಲ್ಲಿ ಕ್ರಿಸ್ ಬೇಟಿ ಮತ್ತು ಇಪ್ಪತ್ತು ಮಂದಿ ಗೆಳೆಯರಿಂದ ಶುರುವಾಗಿ ಲಕ್ಷಾಂತರ ಜನರನ್ನು ತಲುಪಿದ ಅದರ ಸಂಸ್ಥೆ 2025ರಲ್ಲಿ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ದಿನಕ್ಕೆ 1,667 ಪದ ಎಂಬ ಅದರ ಲೆಕ್ಕ ಮಾತ್ರ ಇನ್ನೂ ಓಡಾಡುತ್ತಿದೆ. ಕನ್ನಡದವರು ಇದನ್ನು ಹಾಗೇ ತೆಗೆದುಕೊಳ್ಳಬಾರದು. ಇಂಗ್ಲಿಷಿಗೆ ನಾಲ್ಕೈದು ಪದ ಬೇಕಾಗುವ ಕಡೆ ನಾವು 'ಮನೆಯೊಳಗಿಂದಲೇ' ಎಂದು ಒಂದೇ ಪದದಲ್ಲಿ ಮುಗಿಸುತ್ತೇವೆ. ವಿಭಕ್ತಿಯೂ ಒತ್ತೂ ಪದಕ್ಕೇ ಅಂಟುವ ಭಾಷೆಯಲ್ಲಿ ಇಂಗ್ಲಿಷಿನ ಪದಲೆಕ್ಕ ಹಿಡಿದರೆ ನಾವು ನಿಜಕ್ಕೂ ಬರೆಯಬೇಕಾದ್ದು ಅವರಿಗಿಂತ ಎಷ್ಟೋ ಹೆಚ್ಚು. ಪುಟದ ಲೆಕ್ಕವೋ ಗಡಿಯಾರದ ಲೆಕ್ಕವೋ ನಮಗೆ ವಾಸಿ.

ಸ್ಟೀಫನ್ ಕಿಂಗ್ ಅವರ 'ಆನ್ ರೈಟಿಂಗ್' (2000) ಇವೆಲ್ಲದರಲ್ಲಿ ಹೆಚ್ಚು ಓದಿಸಿಕೊಳ್ಳುವ ಪುಸ್ತಕ. ಬರೆಯುವ ನಡುವೆ, 1999ರ ಜೂನ್‌ನಲ್ಲಿ, ವ್ಯಾನ್ ಬಡಿದು ಸಾವಿನಂಚಿಗೆ ಹೋಗಿ ಬಂದವರು ಅವರು. ಹೊಸಬರಿಗೆ ದಿನಕ್ಕೆ ಸಾವಿರ ಪದ, ವಾರಕ್ಕೊಂದು ರಜೆ ಎನ್ನುತ್ತಾರೆ. ಮೊದಲ ಕರಡನ್ನು ಬಾಗಿಲು ಹಾಕಿಕೊಂಡು, ಎರಡನೆಯದನ್ನು ಬಾಗಿಲು ತೆರೆದುಕೊಂಡು ಬರೆ. ಮುಗಿದ ಕರಡನ್ನು ಆರು ವಾರ ಡ್ರಾಯರಿನಲ್ಲಿಟ್ಟು ಮರೆತುಬಿಡು. ಎರಡನೆಯ ಕರಡು ಮೊದಲನೆಯದಕ್ಕಿಂತ ಶೇ. 10 ಚಿಕ್ಕದಾಗಿರಲಿ. ಈ ಮೂರೂ ಚಿನ್ನದಂಥ ಮಾತು. ಆನ್ ಲಾಮಟ್ ಅವರ 'ಬರ್ಡ್ ಬೈ ಬರ್ಡ್' (1994) ಇದರ ಪಕ್ಕದಲ್ಲಿಡಬೇಕಾದ್ದು. ಹಕ್ಕಿಗಳ ಮೇಲೆ ಮರುದಿನವೇ ಕೊಡಬೇಕಾದ ಶಾಲೆಯ ವರದಿಯನ್ನು ಮುಟ್ಟದೆ ಕಂಗಾಲಾಗಿ ಕೂತಿದ್ದ ಹತ್ತು ವರ್ಷದ ಅಣ್ಣನಿಗೆ ಅಪ್ಪ, ಒಂದೊಂದೇ ಹಕ್ಕಿಯಾಗಿ ಬರಿ ಮಗನೇ ಎಂದದ್ದೇ ಪುಸ್ತಕದ ಹೆಸರು. ಮೊದಲ ಕರಡು ದರಿದ್ರವಾಗಿರಲು ಬಿಡಿ ಎಂಬ ಅವರ ಅಧ್ಯಾಯ ಪರಿಪೂರ್ಣತೆಯ ರೋಗ ಹಿಡಿದವರಿಗೆ. ನಮ್ಮಲ್ಲಿ ಮೊದಲ ವಾಕ್ಯವನ್ನೇ ಮೂರು ತಿಂಗಳು ತಿದ್ದುವ ಕವಿಗಳು ಸಾಕಷ್ಟಿದ್ದಾರೆ.

ಇನ್ನು ಕತೆ ನಡುವೆ ನಿಲ್ಲುವವರ ವಿಷಯ. ಚಿತ್ರಕತೆಯ ಗುರುಗಳಾದ ರಾಬರ್ಟ್ ಮಕೀ (1997), ಬ್ಲೇಕ್ ಸ್ನೈಡರ್ (2005) ಇವರ ಪುಸ್ತಕಗಳು ಗಾಂಧಿನಗರದಲ್ಲಿ ಬಹಳ ಓಡಾಡುತ್ತವೆ. ಎಷ್ಟನೆಯ ಪುಟದಲ್ಲಿ ತಿರುವು ಬರಬೇಕೆಂಬ ಸ್ನೈಡರನ ಲೆಕ್ಕ ಸಿನಿಮಾಕ್ಕೆ ಸರಿಯೇನೋ, ಸಣ್ಣಕತೆಗೆ ಉರುಳು. ಕತೆ ಬರೆಯುವವರು ಅವನ್ನು ಬಿಟ್ಟು ಅರ್ಸುಲಾ ಲಗ್ವಿನ್ ಅವರ 'ಸ್ಟೀರಿಂಗ್ ದಿ ಕ್ರಾಫ್ಟ್' (1998) ಹಿಡಿಯಲಿ. ತೆಳ್ಳನೆ ಪುಸ್ತಕ, ಪಾಠಕ್ಕಿಂತ ಅಭ್ಯಾಸ ಹೆಚ್ಚು. ವಾಕ್ಯದ ನಾದದಿಂದ ಶುರುವಾಗುತ್ತದೆ. ಒಂದು ಪುಟ ಯಾವ ಚಿಹ್ನೆಯೂ ಇಲ್ಲದೆ ಬರಿ, ಒಂದು ಪುಟ ಗುಣವಾಚಕವೇ ಇಲ್ಲದೆ ಬರಿ ಎಂದು ಕೈಗೆ ಕೆಲಸ ಕೊಡುತ್ತದೆ. ಮೊದಲನೆಯದನ್ನು ಕನ್ನಡದಲ್ಲಿ ಮಾಡಿ ನೋಡಿದರೆ ಕ್ರಿಯಾಪದವೇ ವಾಕ್ಯಕ್ಕೆ ಪೂರ್ಣವಿರಾಮದ ಕೆಲಸ ಮಾಡುವುದು ಕಣ್ಣಿಗೆ ಬೀಳುತ್ತದೆ. ನಮ್ಮ ತಾಳೆಗರಿಗಳು ಅಲ್ಪವಿರಾಮ, ಉದ್ಧರಣ ಚಿಹ್ನೆಗಳಿಲ್ಲದೆ ನಡೆದದ್ದು ಸುಮ್ಮನೆ ಅಲ್ಲ.

ಜಾರ್ಜ್ ಸಾಂಡರ್ಸ್ 2021ರಲ್ಲಿ ತಂದ 'ಎ ಸ್ವಿಮ್ ಇನ್ ಎ ಪಾಂಡ್ ಇನ್ ದಿ ರೈನ್' ನನ್ನ ಲೆಕ್ಕದಲ್ಲಿ ಈ ವಿಭಾಗದ ಅತ್ಯುತ್ತಮ ಪುಸ್ತಕ. ಚೆಕಾವ್, ತುರ್ಗೆನೆವ್, ಟಾಲ್‌ಸ್ಟಾಯ್, ಗೊಗೊಲ್ ಇವರ ಏಳು ಕತೆಗಳನ್ನು ಇಡಿಯಾಗಿ ಕೊಟ್ಟು ಪಾಠ ಮಾಡುತ್ತಾರೆ. ಮೊದಲ ಕತೆಯನ್ನಂತೂ ಪುಟಕ್ಕೊಮ್ಮೆ ನಿಲ್ಲಿಸಿ, ಈಗ ನಿಮಗೇನು ಗೊತ್ತಾಗಿದೆ, ಮುಂದೇನಾಗಬಹುದೆಂದು ಕಾಯುತ್ತಿದ್ದೀರಿ ಎಂದು ಕೇಳುತ್ತಾರೆ. ಪುಸ್ತಕ ಕೊಳ್ಳಲಾಗದವರು ಈ ಉಪಾಯವನ್ನು ಮಾಸ್ತಿಯವರ 'ಮೊಸರಿನ ಮಂಗಮ್ಮ'ನ ಮೇಲೆ ಪ್ರಯೋಗಿಸಬಹುದು. ಒಂದು ಪುಟ ಓದಿ ಮುಚ್ಚಿಡಿ. ಅತ್ತೆ ಸೊಸೆಯ ಜಗಳವನ್ನು ಅವರ ಮನೆಯೊಳಗೆ ಕೂರಿಸಿ ಹೇಳದೆ, ಮೊಸರು ಕೊಳ್ಳುವ ಮನೆಯಾಕೆಯ ಬಾಯಿಂದ ಹೇಳಿಸಿದ್ದೇಕೆ? ಜಗಳ ನಮಗೆ ಹೆಚ್ಚಾಗಿ ಕಾಣುವುದು ಮಂಗಮ್ಮ ಬಂದು ಹೇಳಿದಂತೆ. ಈ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡರೆ ನಿರೂಪಕರ ಬಗ್ಗೆ ಅರ್ಧ ಪುಸ್ತಕ ಓದಿದಷ್ಟಾಯಿತು.

ಭಾಷೆ ತಿದ್ದುವ ಮಾತಿಗೆ ಬಂದಾಗ ಇಂಗ್ಲಿಷ್ ಕೈಪಿಡಿಗಳನ್ನು ಕನ್ನಡದವರು ಜೋಪಾನವಾಗಿ ಓದಬೇಕು. ವಿಲಿಯಂ ಸ್ಟ್ರಂಕ್ 1918ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತನ್ನ ವಿದ್ಯಾರ್ಥಿಗಳಿಗೆಂದು ಬರೆದು, 1959ರಲ್ಲಿ ಇ. ಬಿ. ವೈಟ್ ಪರಿಷ್ಕರಿಸಿದ ಪುಟ್ಟ ಪುಸ್ತಕವೂ, ವಿಲಿಯಂ ಜಿನ್ಸರ್ ಅವರ 'ಆನ್ ರೈಟಿಂಗ್ ವೆಲ್' (1976) ಕೂಡ ಕಸ ಗುಡಿಸಲು ಕಲಿಸುತ್ತವೆ. ಜಿನ್ಸರ್ ಯೇಲ್‌ನಲ್ಲಿ ವಿದ್ಯಾರ್ಥಿಗಳ ಬರಹದಲ್ಲಿ ಕೆಲಸ ಮಾಡದ ಪದಗಳನ್ನು ಅಳಿಸುತ್ತಿರಲಿಲ್ಲ, ಕಂಸದೊಳಗೆ ಹಾಕುತ್ತಿದ್ದರು. ಅದಿಲ್ಲದೆ ಓದಿ ನೋಡಲಿ ಎಂದು. ನಮ್ಮ ಕಚೇರಿಯ ಕನ್ನಡಕ್ಕೆ ಈ ಮದ್ದು ತುರ್ತಾಗಿ ಬೇಕು. 'ಸಭೆಯಲ್ಲಿ ಕೈಗೊಳ್ಳಲಾದ ತೀರ್ಮಾನದ ಹಿನ್ನೆಲೆಯಲ್ಲಿ ರಸ್ತೆಯ ದುರಸ್ತಿ ಕಾರ್ಯವನ್ನು ಮಾಡಲಾಗುವುದು' ಎಂಬಂಥ ವಾಕ್ಯದಲ್ಲಿ ಕಂಸ ಹಾಕುತ್ತ ಹೋದರೆ 'ಸಭೆ ತೀರ್ಮಾನಿಸಿದಂತೆ ರಸ್ತೆ ದುರಸ್ತಿ ಮಾಡುತ್ತೇವೆ' ಎಂದಷ್ಟೇ ಉಳಿಯುತ್ತದೆ. ಯಾರು ಮಾಡುತ್ತಾರೆ ಎನ್ನುವುದೂ ಹೊರಗೆ ಬೀಳುತ್ತದೆ. ಬಹುಶಃ ಅದಕ್ಕೇ ಕಚೇರಿಗಳು ಹೀಗೆ ಬರೆಯುವುದಿಲ್ಲ.

ಆದರೆ ಕ್ರಿಯಾವಿಶೇಷಣ ಕಂಡಲ್ಲಿ ಕಡಿ ಎನ್ನುವ ಕಿಂಗ್ ಅವರ ಆಜ್ಞೆಯನ್ನು ಕನ್ನಡಕ್ಕೆ ತಂದರೆ ಅನಾಹುತ. ಗಬಗಬ ತಿಂದ, ಸರಸರ ನಡೆದ, ಗಳಗಳ ಅತ್ತಳು, ದಬದಬ ಬಾಗಿಲು ಬಡಿದ ಎನ್ನುವುದನ್ನೆಲ್ಲ ಕಿತ್ತುಹಾಕಿದರೆ ಭಾಷೆಯ ಜೀವವೇ ಹೋಯಿತು. ಇಂಗ್ಲಿಷಿನ ಸೋಮಾರಿ ವಿಶೇಷಣಕ್ಕೂ ನಮ್ಮ ಅನುಕರಣ ಶಬ್ದಕ್ಕೂ ಸಂಬಂಧವಿಲ್ಲ. ನಾವು ಕಡಿಯಬೇಕಾದ್ದು 'ಅತ್ಯಂತ', 'ಬಹುಮುಖ್ಯವಾಗಿ', 'ಎಂಬುದಾಗಿ', 'ಈ ನಿಟ್ಟಿನಲ್ಲಿ' ಇಂಥವನ್ನು.

ಈ ಕೆಲಸಕ್ಕೆ ಕನ್ನಡದ್ದೇ ಪುಸ್ತಕಗಳಿವೆ. ಪ್ರೊ. ಜಿ. ವೆಂಕಟಸುಬ್ಬಯ್ಯ 1991ರಿಂದ 'ಪ್ರಜಾವಾಣಿ'ಯಲ್ಲಿ ಬರೆದ 'ಇಗೋ ಕನ್ನಡ' ಓದುಗರ ನಿಜವಾದ ಸಂಶಯಗಳಿಂದ ಹುಟ್ಟಿದ್ದು; ಅದಕ್ಕೇ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಪಾ. ವೆಂ. ಆಚಾರ್ಯರ 'ಪದಾರ್ಥ ಚಿಂತಾಮಣಿ' ಪದಗಳ ಮೇಲೆ ಪ್ರೀತಿ ಹುಟ್ಟಿಸುತ್ತದೆ. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಗೆ ತಿಳಿಗನ್ನಡದ ಮಾದರಿಯಾಗಿಯೂ ಬೆಲೆಯಿದೆ. ಕಠಿಣ ವಿಷಯವನ್ನು ಇಷ್ಟು ನಿರಾಯಾಸವಾಗಿ ಹೇಳಲು ಸಾಧ್ಯವೇ ಅನ್ನಿಸುತ್ತದೆ. ಡಿ. ಎನ್. ಶಂಕರ ಭಟ್ಟರ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' (2000) ಜಗಳ ಹಚ್ಚುವ ಪುಸ್ತಕ. ಒಪ್ಪದಿದ್ದರೂ ನಮ್ಮ ವಾಕ್ಯವನ್ನು ಹೊಸದಾಗಿ ನೋಡುವಂತೆ ಮಾಡುತ್ತದೆ.

ಇಷ್ಟಿದ್ದೂ ಒಂದು ಕೊರತೆ ಎದ್ದು ಕಾಣುತ್ತದೆ. ನಮ್ಮಲ್ಲಿ ಮೀಮಾಂಸೆ ಇದೆ, ವ್ಯಾಕರಣ ಇದೆ, ಛಂದಸ್ಸಿನ ಮೇಲೆ ಉದ್ದಾಮ ಗ್ರಂಥಗಳಿವೆ, ಲೇಖಕರ ಆತ್ಮಕಥೆಗಳಿಗಂತೂ ಲೆಕ್ಕವಿಲ್ಲ. ಅ.ನ.ಕೃ. ಅವರ 'ಬರಹಗಾರನ ಬದುಕು', ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು', ಕುವೆಂಪು ಅವರ 'ನೆನಪಿನ ದೋಣಿಯಲ್ಲಿ', ಭೈರಪ್ಪನವರ 'ನಾನೇಕೆ ಬರೆಯುತ್ತೇನೆ', ಇವುಗಳಿಂದ ಒಬ್ಬ ಲೇಖಕ ಹೇಗೆ ಬೆಳೆದ, ಯಾಕೆ ಬರೆದ ಎಂದು ತಿಳಿಯುತ್ತದೆ. ಮೊದಲ ಕರಡಿನ ಮೂರನೆಯ ಪ್ಯಾರಾ ಯಾಕೆ ಹೊರಗೆ ಹೋಯಿತು, ಸಂಭಾಷಣೆಯನ್ನು ಧಾರವಾಡದ ಮಾತಿಗೆ ಯಾವಾಗ ತಿರುಗಿಸಿದರು ಎಂಬ ಕೆಲಸದ ವಿವರಕ್ಕೆ ತಡಕಬೇಕು. ಕಥಾಕಮ್ಮಟಗಳಲ್ಲಿ ಹಿರಿಯರು ಇದನ್ನೆಲ್ಲ ಬಾಯಲ್ಲಿ ಹೇಳುತ್ತಾರೆ, ಊಟದ ಹೊತ್ತಿಗೆ ಇನ್ನೂ ಚೆನ್ನಾಗಿ ಹೇಳುತ್ತಾರೆ. ಅಚ್ಚಿಗೆ ಬರುವುದಿಲ್ಲ.

ಅದು ಬರುವ ತನಕ ನನ್ನ ಸಲಹೆ ಇಷ್ಟು. ಕೂರಲಾಗದವರು ಬ್ರ್ಯಾಂಡ್ ಓದಿ, ಕತೆ ನಿಂತವರು ಸಾಂಡರ್ಸ್ ಓದಿ, ತಿದ್ದಬೇಕಾದವರು 'ಇಗೋ ಕನ್ನಡ'ವನ್ನು ಮೇಜಿನ ಮೇಲಿಟ್ಟುಕೊಂಡು ಜಿನ್ಸರ್ ಹಾಗೆ ಕಂಸ ಹಾಕುತ್ತ ಹೋಗಿ. ಒಂದು ವರ್ಷಕ್ಕೆ ಒಂದೇ ಪುಸ್ತಕ. ಎರಡನೆಯದನ್ನು ಕೊಳ್ಳುವ ದುಡ್ಡಿಗೆ ಒಂದು ಕಥಾಸಂಕಲನ ಕೊಳ್ಳಿ. ಇನ್ನು ನಮ್ಮ ನುರಿತ ಕತೆಗಾರರಲ್ಲಿ ಒಂದು ಕೋರಿಕೆ. ಕಿಂಗ್ ತಮ್ಮ ಪುಸ್ತಕದ ಕೊನೆಗೆ ಒಂದು ಕತೆಯ ಹಸಿ ಕರಡನ್ನೂ, ಅದರ ಮೇಲೆ ತಾವೇ ಹೊಡೆದುಹಾಕಿ ತಿದ್ದಿದ ಪುಟಗಳನ್ನೂ ಅಚ್ಚು ಹಾಕಿಸಿದ್ದಾರೆ, ಯಾಕೆ ತಿದ್ದಿದೆನೆಂಬ ಟಿಪ್ಪಣಿ ಸಮೇತ. ನಿಮ್ಮ ಒಂದೇ ಒಂದು ಕತೆಗೆ ಹಾಗೆ ಮಾಡಿ ಕೊಡಿ. ಪ್ರಕಾಶಕರು ಅಚ್ಚು ಹಾಕಲು ಹಿಂದೆಮುಂದೆ ನೋಡಿದರೆ, ಮುಂದಿನ ವಿಶೇಷಾಂಕದ ನಾಲ್ಕು ಪುಟ ಸಾಕು.